ಪಾಚಿಗೆ ಯಾವ ಕಲ್ಲು? ಮೀನಿನ ತೊಟ್ಟಿಗೂ ಮನೆಯಂಗಳದ ಕೊಳಕ್ಕೂ ಖನಿಜ ಆರಿಸುವವರಿಗೆ

ಅಕ್ವೇರಿಯಂ ಅಂಗಡಿಗಳ ಕಪಾಟಿನಲ್ಲಿ ಈಗ ಕಲ್ಲು, ಮಣ್ಣು, ಪುಡಿಗಳ ಪೊಟ್ಟಣಗಳದ್ದೇ ಒಂದು ಸಾಲು. ಬಹುತೇಕ ಎಲ್ಲದರ ಮೇಲೂ ಒಂದು ಹಸಿರೆಲೆ, ‘ನೈಸರ್ಗಿಕ ಖನಿಜ’ ಎಂಬ ಮಾತು, ಪಾಚಿ ಮಾಯವಾಗುತ್ತದೆ ಎಂಬ ಭರವಸೆ. ಒಳಗಿರುವುದು ಮಾತ್ರ ಒಂದರಂತೆ ಒಂದಿಲ್ಲ. ಒಂದು ಅಮೋನಿಯಾವನ್ನು ಹಿಡಿಯುತ್ತದೆ. ಇನ್ನೊಂದು ರಂಜಕವನ್ನು ಕಟ್ಟಿಹಾಕುತ್ತದೆ. ಮತ್ತೊಂದು ಕದಡಿದ ನೀರನ್ನು ತಿಳಿಗೊಳಿಸಿ ಪಾಚಿಗೇ ಹೆಚ್ಚು ಬಿಸಿಲು ಬಡಿಸುತ್ತದೆ. ಕೊನೆಯದೊಂದು ನೇರ ವಿಷ. ಎಲ್ಲವೂ ಭೂಮಿಯಿಂದ ಬಂದವೇ, ಆ ಮಟ್ಟಿಗೆ ಹೆಸರು ಸುಳ್ಳಲ್ಲ.

ನನ್ನ ಬೆಂಗಳೂರಿನ ಮನೆಯಲ್ಲಿ 100 ಲೀಟರಿನ ಒಂದು ಗಾಜಿನ ತೊಟ್ಟಿಯಿದೆ, ಅದಕ್ಕೆ ಕೊಳವೆ ಬಾವಿಯ ನೀರು. ಪುತ್ತೂರಿನ ಕಡೆಯ ಊರಮನೆಯಲ್ಲಿ ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಸುಮಾರು 80 ಸೆಂಟಿಮೀಟರ್ ಆಳದ ಕೊಳವಿದೆ, ಅದಕ್ಕೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಬಾವಿಯ ನೀರು. ಒಂದೇ ಪುಡಿಯನ್ನು ಎರಡೂ ಕಡೆಯ ನೀರಿಗೆ ಹಾಕಿ ಎರಡು ಬಗೆಯ ಫಲ ಕಂಡವನು ನಾನು. ಈ ಬರಹಕ್ಕೆ ಕಾರಣವೂ ಅದೇ. ಯಾವ ಖನಿಜ ಒಳ್ಳೆಯದು ಎನ್ನುವ ಪ್ರಶ್ನೆಗೆ ಉತ್ತರ ಪೊಟ್ಟಣದಲ್ಲಿ ಸಿಗಲಿಲ್ಲ, ನೀರಿನಲ್ಲಿ ಸಿಕ್ಕಿತು.

ಮೊದಲು ಪಾಚಿಯ ಊಟದ ಲೆಕ್ಕ

ಮೈಲುತುತ್ತೊಂದನ್ನು (ತಾಮ್ರದ ಸಲ್ಫೇಟ್) ಬಿಟ್ಟರೆ ಇಲ್ಲಿ ಹೇಳುವ ಯಾವ ಖನಿಜವೂ ಪಾಚಿಯನ್ನು ವಿಷವಿಕ್ಕಿ ಕೊಲ್ಲುವುದಿಲ್ಲ. ಅದರ ಅನ್ನ ಕಸಿಯುತ್ತದೆ, ಇಲ್ಲವೇ ಅದನ್ನು ತಳಕ್ಕೆ ಎಳೆದೊಯ್ಯುತ್ತದೆ. ಹಾಗಾಗಿ ಯಾವ ಅನ್ನವನ್ನು ಕಸಿಯಬೇಕು ಎಂದು ಮೊದಲು ತಿಳಿಯಬೇಕು.

ಇದಕ್ಕೆ ಕೆನಡಾದ ಒಂಟಾರಿಯೊದ ಕಾಡಿನಲ್ಲಿ ಒಂದು ಸರೋವರವೇ ಸಾಕ್ಷಿ ಹೇಳಿದೆ. 1973ರಲ್ಲಿ ಸರೋವರ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 226 ಎಂಬ ಸಂಖ್ಯೆಯ ಸರೋವರವನ್ನು ನಡುವಿನ ಇಕ್ಕಟ್ಟಿನಲ್ಲಿ ಪ್ಲಾಸ್ಟಿಕ್ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಎರಡೂ ಬದಿಗೆ ಇಂಗಾಲ ಮತ್ತು ಸಾರಜನಕ ಸುರಿದರು, ಒಂದು ಬದಿಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಬದಿ ಆ ಬೇಸಿಗೆಯಲ್ಲೇ ಹಸಿರುಗಟ್ಟಿತು, ಪಕ್ಕದ್ದು ಕಪ್ಪು ತಿಳಿನೀರಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಆ ಚಿತ್ರವನ್ನು ಒಮ್ಮೆ ನೋಡಿದವರಿಗೆ ರಂಜಕದ ಪಾತ್ರವನ್ನು ಬೇರೆ ವಿವರಿಸಬೇಕಾಗಿಲ್ಲ.

ಸಾರಜನಕವನ್ನು ಕಸಿದರೂ ಆಗುವುದಿಲ್ಲವೇ ಎಂದು ಕೇಳಬಹುದು. ಅಜೋಲಾ ಬೆಳೆಸಿದ ರೈತರಿಗೆ ಇದರ ಉತ್ತರ ಗೊತ್ತಿದೆ. ಅಜೋಲಾದ ಎಲೆಯೊಳಗೆ ಬಾಳುವ ನೀಲಿ-ಹಸಿರು ಪಾಚಿ ಗಾಳಿಯಲ್ಲಿರುವ ಸಾರಜನಕವನ್ನೇ ಹಿಡಿದು ಬಳಸುತ್ತದೆ. ಅದರ ನೆಂಟರು ಕೊಳಗಳಲ್ಲೂ ಇದ್ದಾರೆ. ಸಾರಜನಕವನ್ನು ಮಾತ್ರ ತೆಗೆದು ರಂಜಕವನ್ನು ಬಿಟ್ಟರೆ ಸಾಧು ಹಸಿರು ಪಾಚಿ ಸೊರಗಿ ಈ ನೀಲಿ-ಹಸಿರಿನವರು ಮೆರೆಯುತ್ತಾರೆ. ಅವರಲ್ಲಿ ಕೆಲವರು ವಿಷ ಕಾರುವವರೂ ಹೌದು.

ಈಗ ರಂಜಕ ಬರುವ ದಾರಿ ನೋಡಿ. ಮೀನಿನ ಆಹಾರದಲ್ಲಿ ನೂರಕ್ಕೆ ಒಂದು ಪಾಲಿನಷ್ಟು ರಂಜಕ ಇರುವುದು ಸಾಮಾನ್ಯ. ದಿನಕ್ಕೆ 2 ಗ್ರಾಂ ಹಾಕಿದರೆ 20 ಮಿಲಿಗ್ರಾಂ ರಂಜಕ ಒಳಗೆ ಹೋಯಿತು. ಅದರಲ್ಲಿ ಅರ್ಧವನ್ನು ಮೀನು ಮೈಗೂಡಿಸಿಕೊಂಡಿತು ಎಂದೇ ಇಟ್ಟುಕೊಳ್ಳಿ, 100 ಲೀಟರಿನ ತೊಟ್ಟಿಯಲ್ಲಿ ಲೀಟರಿಗೆ 0.1 ಮಿಲಿಗ್ರಾಂ ದಿನವೂ ಏರುತ್ತದೆ. ಸರೋವರಗಳಲ್ಲಿ ಲೀಟರಿಗೆ 0.035 ಮಿಲಿಗ್ರಾಂ ದಾಟಿದರೆ ಸಾಕು, ಅತಿಪೋಷಿತ ನೀರು ಎಂಬ ಪಟ್ಟಿಗೆ ಅದು ಸೇರುತ್ತದೆ. ಒಂದು ಗ್ರಾಂ ರಂಜಕದಿಂದ ನೂರು ಗ್ರಾಂಗೂ ಮೀರಿದ ಒಣ ಪಾಚಿ ಬೆಳೆಯಬಲ್ಲದು. ಹೊತ್ತು ಹೊತ್ತಿಗೂ ಮೀನಿಗೆ ಚಿಟಿಕೆ ಹಾಕುತ್ತ, ವಾರಕ್ಕೊಮ್ಮೆ ಖನಿಜ ಸುರಿಯುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಆಹಾರ ಹಾಕುವ ಕೈಯನ್ನು ಬಿಗಿ ಹಿಡಿಯುವುದಕ್ಕೂ ಬಿಸಿಲು ಮರೆಮಾಡುವುದಕ್ಕೂ ದುಡ್ಡು ಬೇಕಿಲ್ಲ. ಆ ಎರಡನ್ನು ಮಾಡಿದ ಮೇಲೆ ಉಳಿದ ಪಾಚಿಗಷ್ಟೇ ಈ ಮಾರ್ಗದರ್ಶಿ.

ಆರಿಸುವ ಮುನ್ನ ಎರಡು ಅಳತೆ

ಪಿಎಚ್ ಮತ್ತು ಕ್ಷಾರೀಯತೆ. ಮೊದಲನೆಯದನ್ನು ಎಲ್ಲರೂ ಅಳೆಯುತ್ತಾರೆ, ಎರಡನೆಯದನ್ನು ಹೆಚ್ಚಿನವರು ಬಿಡುತ್ತಾರೆ. ಮುಖ್ಯವಾದದ್ದು ಎರಡನೆಯದು. ಆಮ್ಲ ಬಿದ್ದಾಗ ನೀರು ಎಷ್ಟು ತಡೆದುಕೊಳ್ಳಬಲ್ಲದು ಎಂಬುದೇ ಕ್ಷಾರೀಯತೆ. ಅಕ್ವೇರಿಯಂ ಅಂಗಡಿಯಲ್ಲಿ ‘ಕೆಎಚ್’ ಎಂದು ಸಿಗುವ ಹನಿ ಪರೀಕ್ಷೆ ಅದನ್ನೇ ಅಳೆಯುತ್ತದೆ. ಅದರ ಒಂದು ಡಿಗ್ರಿ ಎಂದರೆ, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, ಲೀಟರಿಗೆ ಸುಮಾರು 18 ಮಿಲಿಗ್ರಾಂ. ಬಯಲುಸೀಮೆಯ ಕೊಳವೆ ಬಾವಿಗಳಲ್ಲಿ ಇದು 200 ದಾಟುವುದು ಮಾಮೂಲು. ಕರಾವಳಿಯ ಮುರಕಲ್ಲಿನ ಬಾವಿಗಳಲ್ಲಿ 30ಕ್ಕಿಂತ ಕೆಳಗಿರುವುದೂ ಉಂಟು. ಮಳೆನೀರು ಹಿಡಿದ ತೊಟ್ಟಿಯಲ್ಲಿ ಇನ್ನೂ ಕಡಿಮೆ.

ಹಸಿರುಗಟ್ಟಿದ ಕೊಳದ ಪಿಎಚ್ ಅನ್ನು ಬೆಳಿಗ್ಗೆಯೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ನೋಡಬೇಕು. ಬಿಸಿಲಿಗೆ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಪಿಎಚ್ ಅನ್ನು 9ರ ಆಚೆಗೂ ಏರಿಸಬಲ್ಲದು. ಇದರಲ್ಲಿ ಒಂದು ಅಪಾಯ ಅಡಗಿದೆ. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ಪಾಲು ನೂರಕ್ಕೆ ಒಂದೂ ಇರುವುದಿಲ್ಲ. ಪಿಎಚ್ 8ರಲ್ಲಿ ಅದು ಸುಮಾರು 5, ಪಿಎಚ್ 9ರಲ್ಲಿ ಸುಮಾರು 36. ನೀರಿನ ಪಿಎಚ್ ಏರಿಸುವ ಯಾವ ಖನಿಜವನ್ನು ಹಾಕುವಾಗಲೂ ಈ ಮೂರು ಸಂಖ್ಯೆಗಳು ನೆನಪಿರಲಿ.

ಪಟಿಕ: ಅಗ್ಗ, ವೇಗ, ಕೋಪಿಷ್ಠ

ಗ್ರಂದಿಗೆ ಅಂಗಡಿಯಲ್ಲಿ ಕಲ್ಲುಸಕ್ಕರೆಯಂತೆ ಕಾಣುವ ಗಟ್ಟಿ, ಕ್ಷೌರಿಕರು ಗಾಯಕ್ಕೆ ಉಜ್ಜುವ ಅದೇ ಪಟಿಕ. ಅದು ಪೊಟ್ಯಾಸಿಯಂ ಮತ್ತು ಅಲ್ಯೂಮಿನಿಯಂ ಎರಡೂ ಇರುವ ಸಲ್ಫೇಟ್. ನಗರದ ನೀರು ಶುದ್ಧೀಕರಣ ಘಟಕಗಳಲ್ಲಿ ಬಳಸುವುದು ಅಲ್ಯೂಮಿನಿಯಂ ಸಲ್ಫೇಟ್. ಕೆಲಸ ಇಬ್ಬರದೂ ಒಂದೇ. ನೀರಿಗೆ ಬಿದ್ದೊಡನೆ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಬಿಳಿ ಮೋಡ ಕಟ್ಟುತ್ತದೆ. ಅದು ಹತ್ತಿಯ ತುಣುಕಿನಂತೆ ಇಳಿಯುತ್ತ ಪಾಚಿಯ ಕಣಗಳನ್ನೂ ಕರಗಿದ ರಂಜಕವನ್ನೂ ಅಪ್ಪಿಕೊಂಡು ತಳ ಸೇರುತ್ತದೆ. ಹಸಿರು ನೀರು ಒಂದೆರಡು ಗಂಟೆಯಲ್ಲಿ ತಿಳಿಯಾಗುವುದನ್ನು ನೋಡಿದರೆ ಮಂತ್ರವೇ ಎನ್ನಿಸುತ್ತದೆ. ಅಮೆರಿಕದಲ್ಲಿ 1970ರಲ್ಲಿ ವಿಸ್ಕಾನ್ಸಿನ್ನಿನ ಹಾರ್ಸ್‌ಶೂ ಸರೋವರಕ್ಕೆ ಇದನ್ನು ಹಾಕಿದ ಮೇಲೆ ಸರೋವರಗಳ ರಂಜಕಕ್ಕೆ ಇದೇ ಅಲ್ಲಿನ ಮುಖ್ಯ ಮದ್ದುಗಳಲ್ಲೊಂದಾಯಿತು.

ಆ ಮಂತ್ರವನ್ನು ಊರಿನ ಕೊಳದಲ್ಲಿ ಮಾಡಿ ತೋರಿಸಲು ಹೋಗಿ ನಾನು ಕೆಟ್ಟೆ. ಬೆಂಗಳೂರಿನಲ್ಲಿ ಒಂದು ಪಾತ್ರೆಯಲ್ಲಿ ಪ್ರಯೋಗ ಮಾಡಿ ನೋಡಿದ್ದೆ, ಏನೂ ತೊಂದರೆಯಾಗಿರಲಿಲ್ಲ. ಅದೇ ಅಳತೆಯಲ್ಲಿ ಸುಮಾರು 600 ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ ಕೊಳದ ಸುತ್ತ ಹೊಯ್ದೆ. ಸಂಜೆಗೆ ತಳದ ಕಲ್ಲು ಎಣಿಸುವಷ್ಟು ತಿಳಿ. ಬೆಳಿಗ್ಗೆ ನೋಡಿದರೆ ಆರು ಕೊಯ್ ಮೀನುಗಳು ಹೊಟ್ಟೆ ಮೇಲೆ. ಮಳೆಗಾಲದಲ್ಲಿ ಬಾವಿಯ ಕೆನ್ನೀರನ್ನು ಪಟಿಕದಿಂದ ತಿಳಿಗೊಳಿಸಿ ಜೀವಮಾನ ಕಳೆದ ಅಮ್ಮ ದಂಡೆಯಲ್ಲಿ ನಿಂತು, “ಕೊಡದೊಳಗೆ ಎರಡು ಸುತ್ತು ತಿರುಗಿಸಿ ತೆಗೆಯುವ ವಸ್ತು ಅದು ಮಗನೇ, ಬಕೆಟಿನಲ್ಲಿ ಹೊಯ್ಯುವುದಲ್ಲ” ಎಂದರು. ಅವರ ಮಾತಿನಲ್ಲಿ ಇಡೀ ರಸಾಯನಶಾಸ್ತ್ರವಿತ್ತು.

ಲೆಕ್ಕ ಹೀಗೆ. ಕೊಳದಲ್ಲಿ 9,600 ಲೀಟರ್ ನೀರು, 600 ಗ್ರಾಂ ಎಂದರೆ ಲೀಟರಿಗೆ ಸುಮಾರು 62 ಮಿಲಿಗ್ರಾಂ. ಗಟ್ಟಿ ಪಟಿಕ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ಕ್ಷಾರೀಯತೆಯನ್ನು ತಿನ್ನುತ್ತದೆ, ಅಲ್ಯೂಮಿನಿಯಂ ಸಲ್ಫೇಟ್ ಅರ್ಧದಷ್ಟನ್ನು. ಅಂದರೆ ನಾನು ಹಾಕಿದ್ದು 20 ಮಿಲಿಗ್ರಾಂ ಕ್ಷಾರೀಯತೆಯನ್ನು ನುಂಗಿತು. ಆ ಕೊಳದಲ್ಲಿ ಇದ್ದದ್ದೇ ಅಷ್ಟು. ತಡೆ ಮುಗಿದ ಮೇಲೆ ಪಿಎಚ್ 5ಕ್ಕಿಂತ ಕೆಳಗೆ ಜಾರಿತು, ಆ ಆಮ್ಲದಲ್ಲಿ ಅಲ್ಯೂಮಿನಿಯಂ ಮೋಡವಾಗಿ ಉಳಿಯದೆ ನೀರಿನಲ್ಲೇ ಕರಗಿ ಮೀನಿನ ಕಿವಿರಿಗೆ ಹತ್ತಿಕೊಂಡಿತು. ಬೆಂಗಳೂರಿನ ನೀರಿನ 240ರಲ್ಲಿ 20 ಹೋದರೆ ಮೀನಿಗೆ ಗೊತ್ತೂ ಆಗುವುದಿಲ್ಲ.

ಹಾಗಾಗಿ ಪಟಿಕ ಬಳಸುವವರು ಈ ಕ್ರಮ ಬಿಡಬಾರದು. 10 ಗ್ರಾಂ ಪಟಿಕವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟುಕೊಳ್ಳಿ. ಕೊಳದ ನೀರನ್ನು ಒಂದೊಂದು ಲೀಟರಿನಂತೆ ನಾಲ್ಕು ಬಾಟಲಿಯಲ್ಲಿ ತುಂಬಿ. ಒಂದನ್ನು ಹಾಗೆಯೇ ಬಿಡಿ, ಉಳಿದವಕ್ಕೆ ಆ ದ್ರಾವಣವನ್ನು 1, 2, 4 ಮಿಲಿಲೀಟರಿನಂತೆ ಹಾಕಿ. ಅದು ಲೀಟರಿಗೆ 10, 20, 40 ಮಿಲಿಗ್ರಾಂ ಆಯಿತು. ಕಲಕಿ, ಒಂದು ಗಂಟೆ ಬಿಟ್ಟು ನೋಡಿ. ತಿಳಿಯಾದವುಗಳಲ್ಲಿ ಅತಿ ಕಡಿಮೆ ಹಾಕಿದ್ದು ಯಾವುದೋ ಅದರ ಪಿಎಚ್ ಅಳೆಯಿರಿ. 6.5ಕ್ಕಿಂತ ಕೆಳಗಿದ್ದರೆ ಆಸೆ ಬಿಡಿ, ಇಲ್ಲವೇ ಮೊದಲು ಅಡುಗೆ ಸೋಡಾ ಹಾಕಿ ಕ್ಷಾರೀಯತೆ ಏರಿಸಿ. ಲೀಟರಿಗೆ 50 ಮಿಲಿಗ್ರಾಂ ಸೋಡಾ ಅದನ್ನು ಸುಮಾರು 30 ಏರಿಸುತ್ತದೆ. ಕೊಳಕ್ಕೆ ಹಾಕುವುದು ಬೆಳಿಗ್ಗೆ ಬಿಸಿಲೇರಿದ ಮೇಲೆ, ಗಾಳಿಯ ಪಂಪು ನಡೆಯುತ್ತಿರುವಾಗ, ಎರಡು ಮೂರು ಕಂತಿನಲ್ಲಿ. ಮಧ್ಯಾಹ್ನ ಪಿಎಚ್ 9 ದಾಟಿರುವ ಹೊತ್ತಿನಲ್ಲಿ ಹಾಕಿದರೆ ಅಲ್ಯೂಮಿನಿಯಂ ಮತ್ತೆ ಬೇರೆ ರೂಪದಲ್ಲಿ ಕರಗಿಬಿಡುತ್ತದೆ.

ತಳ ಸೇರಿದ ಗಸಿಯನ್ನು ಎರಡು ಮೂರು ದಿನದೊಳಗೆ ಕೊಳವೆಯಿಂದ ಹೀರಿ ತೆಗೆಯಬೇಕು, ಸತ್ತ ಪಾಚಿ ಕೊಳೆತರೆ ಆಮ್ಲಜನಕ ತಿನ್ನುತ್ತದೆ. ಗೋಡೆಗೆ ಅಂಟಿದ ಪಾಚಿ, ಕಲ್ಲಿನ ಮೇಲಿನ ಕೂದಲು ಪಾಚಿ ಇವಕ್ಕೆ ಪಟಿಕದಿಂದ ಏನೂ ಆಗುವುದಿಲ್ಲ. ಅವಕ್ಕೆ ಕೈಯೇ ಮದ್ದು, ಹಳೆಯ ಹಲ್ಲುಜ್ಜುವ ಬ್ರಷ್ಷು ಉಪಕರಣ. ಗಾಜಿನ ತೊಟ್ಟಿಗೆ ನಾನು ಪಟಿಕವನ್ನು ಹಾಕುವುದೇ ಇಲ್ಲ. ಅಲ್ಲಿ ಅರ್ಧ ನೀರು ಬದಲಿಸುವುದು ಹತ್ತು ನಿಮಿಷದ ಕೆಲಸ, ಸೀಗಡಿ ಮತ್ತು ಮರಿಗಳ ಜೀವವನ್ನು ಪಣಕ್ಕಿಡುವ ಅಗತ್ಯವೇನು?

ಜಿಯೊಲೈಟ್: ಒಳ್ಳೆಯ ಕಲ್ಲು, ತಪ್ಪು ಹೆಸರು

ಸ್ವೀಡನ್ನಿನ ಖನಿಜ ವಿಜ್ಞಾನಿ ಕ್ರೊನ್‌ಸ್ಟೆಟ್ 1756ರಲ್ಲಿ ಒಂದು ಖನಿಜವನ್ನು ಬೆಂಕಿಗೆ ಹಿಡಿದಾಗ ಅದು ನೊರೆಗಟ್ಟಿ ಕುದಿಯಿತಂತೆ. ಒಳಗಿದ್ದ ನೀರು ಆವಿಯಾಗಿ ಹೊರಬಂದದ್ದು ಅದು. ಗ್ರೀಕಿನಲ್ಲಿ ‘ಕುದಿಯುವ ಕಲ್ಲು’ ಎಂಬ ಅರ್ಥದ ಜಿಯೊಲೈಟ್ ಎಂಬ ಹೆಸರು ಬಂದದ್ದು ಹಾಗೆ. ನೀರು ಹೋದರೂ ಕುಸಿಯದ ಗೂಡುಗೂಡಾದ ಒಳರಚನೆಯೇ ಇದರ ಬಂಡವಾಳ. ಪುಣೆ, ನಾಶಿಕದ ಕಡೆಯ ದಖ್ಖನ್ ಕಪ್ಪುಕಲ್ಲಿನ ಪೊಟರೆಗಳಲ್ಲಿ ಜಿಯೊಲೈಟ್ ಗುಂಪಿನ ಸುಂದರ ಹರಳುಗಳು ಸಿಗುತ್ತವೆ. ಫಿಲ್ಟರಿಗೆ ಹಾಕಲು ಮಾರುವುದು ಹೆಚ್ಚಾಗಿ ಕ್ಲಿನೊಪ್ಟಿಲೊಲೈಟ್ ಎಂಬ, ನೋಡಲು ಜಲ್ಲಿಯಂತಿರುವ ಬೇರೊಂದು ಬಗೆ.

ಅದು ತನ್ನಲ್ಲಿರುವ ಸೋಡಿಯಂ ಬಿಟ್ಟುಕೊಟ್ಟು ಅಮೋನಿಯಂ ಹಿಡಿದುಕೊಳ್ಳುತ್ತದೆ. ಹೊಸ ತೊಟ್ಟಿಯಲ್ಲಿ, ಮೀನು ಸಾಗಿಸುವಾಗ, ಫಿಲ್ಟರ್ ಕೆಟ್ಟು ನಿಂತಾಗ ಇದರಷ್ಟು ಉಪಕಾರಿ ಮತ್ತೊಂದಿಲ್ಲ. ಆದರೆ ಪಾಚಿಗೆ? ಫಿಲ್ಟರ್ ಹಳತಾದ ತೊಟ್ಟಿಯಲ್ಲಿ ಅಮೋನಿಯಾವನ್ನು ಸೂಕ್ಷ್ಮಜೀವಿಗಳು ಆಗಲೇ ನೈಟ್ರೇಟಾಗಿ ಮಾಡಿ ಮುಗಿಸಿರುತ್ತವೆ. ಧನ ಅಯಾನುಗಳನ್ನು ಹಿಡಿಯುವ ಈ ಕಲ್ಲಿಗೆ ನೈಟ್ರೇಟೂ ಫಾಸ್ಫೇಟೂ (ನೀರಿನಲ್ಲಿ ಕರಗಿದ ರಂಜಕದ ರೂಪ) ದಕ್ಕುವುದಿಲ್ಲ, ಎರಡೂ ಋಣ ಅಯಾನುಗಳು. ಬೆಂಗಳೂರಿನ ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ನೈಟ್ರೇಟ್ ಮೊದಲೇ ಇರುತ್ತದೆ. ಅಲ್ಲಿ ಪಾಚಿಗೆಂದು ಜಿಯೊಲೈಟ್ ಕೊಳ್ಳುವುದು ದುಡ್ಡಿಗೆ ದಂಡ. ಸಮುದ್ರದ ನೀರಿನ ತೊಟ್ಟಿಯಲ್ಲಂತೂ ಸೋಡಿಯಂ ಅಷ್ಟು ತುಂಬಿರುವಾಗ ಅಮೋನಿಯಂಗೆ ಗೂಡಿನಲ್ಲಿ ಜಾಗವೇ ಸಿಗುವುದಿಲ್ಲ.

ಇದನ್ನು ತಿರುಗಿ ಬಳಸಬಹುದು ಎನ್ನುವುದು ನಿಜ. ಲೀಟರಿಗೆ 50 ಗ್ರಾಂನಂತೆ ಉಪ್ಪು ಹಾಕಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿದರೆ ಹಿಡಿದ ಅಮೋನಿಯಂ ಹೊರಬರುತ್ತದೆ. ಅದೇ ಗುಣ ಮುಳುವಾಗುವುದೂ ಉಂಟು. ಮೀನಿಗೆ ಕಾಯಿಲೆಯೆಂದು ತೊಟ್ಟಿಗೆ ಉಪ್ಪು ಹಾಕುವವರು ಫಿಲ್ಟರಿನಲ್ಲಿರುವ ಜಿಯೊಲೈಟನ್ನು ಮೊದಲು ತೆಗೆಯದಿದ್ದರೆ, ತಿಂಗಳುಗಟ್ಟಲೆ ಅದು ಕೂಡಿಟ್ಟಿದ್ದ ಅಮೋನಿಯಂ ಕಾಯಿಲೆಯ ಮೀನಿನ ಮೇಲೆಯೇ ಬಂದು ಬೀಳುತ್ತದೆ.

ಲ್ಯಾಂಥನಮ್ ಸೇರಿಸಿದ ಜೇಡಿ

ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ರೂಪಿಸಿದ್ದು ಇದು. ಬೆಂಟೊನೈಟ್ ಜೇಡಿಯಲ್ಲಿ ಸುಮಾರು ನೂರಕ್ಕೆ ಐದು ಪಾಲು ಲ್ಯಾಂಥನಮ್ ಎಂಬ ಲೋಹವನ್ನು ಕೂರಿಸಿರುತ್ತಾರೆ. ‘ಫಾಸ್‌ಲಾಕ್’ ಎಂಬ ಹೆಸರಿನಲ್ಲಿ ಸರೋವರಗಳಿಗೆ ಸುರಿಯುವ ಸರಕು. ಲ್ಯಾಂಥನಮ್ ರಂಜಕದೊಡನೆ ಸೇರಿ ಆಗುವ ಖನಿಜ ಎಷ್ಟು ಗಟ್ಟಿಯೆಂದರೆ ತಳದಲ್ಲಿ ಆಮ್ಲಜನಕ ಮುಗಿದರೂ ಅದು ಬಿಡುವುದಿಲ್ಲ. ಪಿಎಚ್ ಕೆಡಿಸುವುದಿಲ್ಲ ಎನ್ನುವುದು ಪಟಿಕಕ್ಕಿಂತ ಇದಕ್ಕಿರುವ ದೊಡ್ಡ ಮೇಲುಗೈ. ಒಂದು ಗ್ರಾಂ ರಂಜಕಕ್ಕೆ ನೂರು ಗ್ರಾಂ ಜೇಡಿ ಎನ್ನುವುದು ಸರಳ ಲೆಕ್ಕ. ನನ್ನ ಕೊಳದಲ್ಲಿ ಲೀಟರಿಗೆ 0.2 ಮಿಲಿಗ್ರಾಂ ರಂಜಕ ಇದ್ದರೆ 200 ಗ್ರಾಂ ಜೇಡಿ ನೀರಿಗೆ, ಅದರ ಮೇಲೆ ಕೆಸರಿನಲ್ಲಿರುವುದಕ್ಕೆ ಬೇರೆ.

ಕೊರತೆಗಳೂ ಇವೆ. ಊರಿನ ಅಂಗಡಿಯಲ್ಲಿ ಕೇಳಿದರೆ ಕೊಡುವ ವಸ್ತುವಲ್ಲ, ದುಬಾರಿ. ಈಗಾಗಲೇ ಎದ್ದಿರುವ ಹಸಿರನ್ನು ಪಟಿಕದಂತೆ ಎಳೆದು ಕೂರಿಸುವುದೂ ಇಲ್ಲ. ಕ್ಷಾರೀಯತೆ ತೀರ ಕಡಿಮೆಯಿರುವ ಮೆದು ನೀರಿನಲ್ಲಿ ಬಿಡಿ ಲ್ಯಾಂಥನಮ್ ಉಳಿದು ಜಲಚರಗಳಿಗೆ ತೊಂದರೆ ಕೊಡಬಲ್ಲದು. ಅಂದರೆ ಪಟಿಕಕ್ಕೆ ಎಲ್ಲಿ ಹೆದರಬೇಕೋ ಅಲ್ಲಿ ಇದಕ್ಕೂ ಸ್ವಲ್ಪ ಹೆದರಬೇಕು. ದೊಡ್ಡ ಕೊಳ, ಗಡಸು ನೀರು, ಹಳೆಯ ಕೆಸರು, ಕೈಯಲ್ಲಿ ಹಣ ಇವು ನಾಲ್ಕೂ ಕೂಡಿದವರಿಗೆ ಒಳ್ಳೆಯ ಆಯ್ಕೆ.

ಮುರಕಲ್ಲು: ಅಂಗಳದಲ್ಲೇ ಬಿದ್ದಿರುವುದು

ಉತ್ತರ ಕನ್ನಡದವರು ಚಿರೆಕಲ್ಲು ಎನ್ನುತ್ತಾರೆ, ಮತ್ತೆ ಕೆಲವರಿಗೆ ಇದು ಜಂಬಿಟ್ಟಿಗೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರಂನಲ್ಲಿ ಇದನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡು, ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿರುವ ಶಬ್ದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಕೋಟಿ ಮಳೆಗಾಲಗಳು ಉಳಿದದ್ದೆಲ್ಲವನ್ನೂ ತೊಳೆದೊಯ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನು ಬಿಟ್ಟ ಕಲ್ಲು ಇದು. ರಂಜಕ ಹಿಡಿಯುವುದು ಈ ಎರಡೇ. ಕರಾವಳಿಯ ಮಣ್ಣಿಗೆ ಎಷ್ಟು ರಂಜಕದ ಗೊಬ್ಬರ ಹಾಕಿದರೂ ಗಿಡಕ್ಕೆ ದಕ್ಕುವುದು ಕಡಿಮೆ ಎಂದು ಕೃಷಿಕರು ಗೊಣಗುವುದಕ್ಕೂ ಕಾರಣ ಅದೇ. ತೋಟದಲ್ಲಿ ದೋಷವಾದದ್ದು ಕೊಳದಲ್ಲಿ ಗುಣ.

ಹೆಬ್ಬೆರಳಿನ ಉಗುರಿನಷ್ಟು ಚೂರುಗಳನ್ನಾಗಿ ಒಡೆದು, ಕೆಂಪು ಬಿಡುವುದು ನಿಲ್ಲುವ ತನಕ ತೊಳೆದು, ಬಲೆಯ ಚೀಲದಲ್ಲಿ ಕಟ್ಟಿ, ಪಂಪಿನ ನೀರು ಅದರ ಮೂಲಕ ಹಾಯುವಂತೆ ಇಟ್ಟಿದ್ದೇನೆ. ಮೆಲ್ಲಗೆ ಕೆಲಸ ಮಾಡುತ್ತದೆ, ವಾರದಲ್ಲಿ ಪವಾಡ ಕೇಳಬೇಡಿ. ಹಿಡಿದಷ್ಟು ಹಿಡಿದ ಮೇಲೆ ಹೊಟ್ಟೆ ತುಂಬಿ ಸುಮ್ಮನಾಗುತ್ತದೆ, ಆಗ ಹೊಸ ಚೂರು ಹಾಕಬೇಕು. ಕರಾವಳಿಯ ಮೆದು, ಸ್ವಲ್ಪ ಹುಳಿ ನೀರಿನಲ್ಲಿ ಇದು ಚೆನ್ನಾಗಿ ಹಿಡಿಯುತ್ತದೆ, ಬಯಲುಸೀಮೆಯ ಕ್ಷಾರದ ನೀರಿನಲ್ಲಿ ಅಷ್ಟಿಲ್ಲ. ನನ್ನ ಕಣ್ಣಿಗೆ ಇದೊಂದು ಸೊಗಸಾದ ಹೊಂದಾಣಿಕೆ. ಪಟಿಕ ಎಲ್ಲಿ ಅಪಾಯವೋ ಅಲ್ಲಿ ಮುರಕಲ್ಲು ಇದೆ, ಮುರಕಲ್ಲು ಎಲ್ಲಿ ಸೋಲುತ್ತದೋ ಅಲ್ಲಿ ಪಟಿಕ ಕ್ಷೇಮ.

ಇಡುವ ಜಾಗ ಮಾತ್ರ ತಪ್ಪಬಾರದು. ಕೆಸರಿನ ತಳಕ್ಕೆ ಎಸೆದರೆ ಕೆಲಸ ಕೆಡುತ್ತದೆ. ಆಮ್ಲಜನಕ ಇಲ್ಲದ ಕಡೆ ಕಬ್ಬಿಣ ರೂಪ ಬದಲಿಸಿ ಕರಗುತ್ತದೆ, ಹಿಡಿದ ರಂಜಕವನ್ನು ಕೈಬಿಡುತ್ತದೆ. ಸರೋವರ ವಿಜ್ಞಾನಿ ಕ್ಲಿಫರ್ಡ್ ಮಾರ್ಟಿಮರ್ 1941-42ರಲ್ಲಿ ಇಂಗ್ಲೆಂಡಿನ ಸರೋವರಗಳ ಕೆಸರಿನಲ್ಲಿ ಇದನ್ನೇ ವಿವರವಾಗಿ ತೋರಿಸಿದ್ದರು. ಅಲ್ಯೂಮಿನಿಯಂಗೆ ಈ ದೌರ್ಬಲ್ಯವಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ತುಕ್ಕಿನ ಬಣ್ಣದ ಕಬ್ಬಿಣದ ಆಕ್ಸೈಡಿನ ಕಾಳುಗಳು ಇದೇ ತತ್ತ್ವದವು, ಹೆಚ್ಚು ಬಲದವು, ಬೆಲೆಯೂ ಹಾಗೆಯೇ. ಗಾಜಿನ ತೊಟ್ಟಿಗೆ, ಮುಖ್ಯವಾಗಿ ಸಮುದ್ರದ ನೀರಿನ ತೊಟ್ಟಿಗೆ, ನನ್ನ ಮತ ಅವಕ್ಕೆ.

ಸುಣ್ಣ, ಜಿಪ್ಸಂ, ಎರೆಮಣ್ಣು

ಸುಣ್ಣ ಪಾಚಿಗೆ ಮದ್ದು ಎನ್ನುವ ನಂಬಿಕೆ ಹಳೆಯದು. ಯಾವ ಸುಣ್ಣ ಎಂದು ಕೇಳಬೇಕು. ಅರಳಿಸಿದ ಸುಣ್ಣ ಪಿಎಚ್ ಅನ್ನು ಮೇಲಕ್ಕೆ ಒಗೆಯುತ್ತದೆ. ಪಾಚಿ ಸಾಯುವ ಮೊದಲೇ ಮೀನು ಸಾಯಬಹುದು, ಅಮೋನಿಯಾದ ಆ ಮೂರು ಸಂಖ್ಯೆ ನೋಡಿ. ಮೀನಿಲ್ಲದೆ ಒಣಗಿಸಿದ ಕೊಳದ ತಳಕ್ಕೆ ಮಾತ್ರ ಅದು ಸರಿ. ಕೃಷಿ ಸುಣ್ಣ, ಅಂದರೆ ಸುಣ್ಣಕಲ್ಲಿನ ಪುಡಿ, ಸಾಧು. ಆದರೆ ಮೀನು ಕೃಷಿಕರು ಹುಳಿ ಮಣ್ಣಿನ ಕೊಳಕ್ಕೆ ಅದನ್ನು ಹಾಕುವುದು ನೀರು ಫಲವತ್ತಾಗಿ ಪ್ಲವಕ, ಅಂದರೆ ತೇಲುವ ಪಾಚಿ ಮತ್ತು ಸೂಕ್ಷ್ಮ ಜೀವಿಗಳು, ಬೆಳೆಯಲಿ, ಮೀನು ತಿಂದು ಕೊಬ್ಬಲಿ ಎಂದು! ಮೆದು ನೀರಿನ ಕೊಳಕ್ಕೆ ಪಾಚಿ ಹೋಗಲೆಂದು ಅದನ್ನು ಸುರಿಯುವವರು ಪಾಚಿಗೆ ಎಲೆ ಹಾಕಿ ಬಡಿಸುತ್ತಿದ್ದಾರೆ. ಪಟಿಕ ಹಾಕುವ ಮುನ್ನ ಕ್ಷಾರೀಯತೆ ಏರಿಸಲು ಅದು ಉಪಯುಕ್ತ, ಅಷ್ಟೇ.

ಜಿಪ್ಸಂ ಪಿಎಚ್ ಮುಟ್ಟದೆ ಕೆಂಪು ಕದಡನ್ನು ಕೂರಿಸುತ್ತದೆ. ಕದಡು ಕೂತರೆ ಬಿಸಿಲು ಆಳಕ್ಕಿಳಿಯುತ್ತದೆ, ರಂಜಕ ಹಾಗೆಯೇ ಇದ್ದರೆ ಮುಂದಿನ ವಾರ ಹಸಿರು. ಗಡಸು ನೀರಿನವರಿಗೆ ಅದರ ಗೊಡವೆಯೇ ಬೇಡ, ಕ್ಯಾಲ್ಸಿಯಂ ಮೊದಲೇ ಬೇಕಾದಷ್ಟಿದೆ.

ಎರೆಮಣ್ಣಿನಂಥ ಜೇಡಿಯ ಬಗ್ಗೆ ಕೇಳುವವರಿದ್ದಾರೆ. ದಕ್ಷಿಣ ಕೊರಿಯಾದವರು 1996ರಿಂದ ಕಡಲಿನ ಕೆಂಪು ಪಾಚಿಯ ಮೇಲೆ ಹಳದಿ ಮಣ್ಣು ಎರಚುತ್ತಿದ್ದಾರೆ, ಅದು ಪಾಚಿಯನ್ನು ಹಿಡಿದು ಮುಳುಗುತ್ತದೆ. ಅಲ್ಲಿ ಸಹಾಯಕ್ಕೆ ಬರುವುದು ಸಮುದ್ರದ ಉಪ್ಪು. ಜೇಡಿಗೂ ಪಾಚಿಗೂ ಇರುವುದು ಒಂದೇ ಬಗೆಯ ವಿದ್ಯುದಂಶ, ಸಿಹಿನೀರಿನಲ್ಲಿ ಒಂದನ್ನೊಂದು ದೂಡುತ್ತವೆ. ಮನೆಯ ಕೊಳಕ್ಕೆ ಎರೆಮಣ್ಣು ಹಾಕಿದರೆ ಸಿಗುವುದು ಕೆಸರು.

ಮೈಲುತುತ್ತು

ಮಲೆನಾಡಿನವರ ಮನೆಯಲ್ಲಿ ಇದು ಇದ್ದೇ ಇರುತ್ತದೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೇಳಿಕೊಟ್ಟ ಕಾಲದಿಂದ ಮಳೆಗಾಲ ಎಂದರೆ ಮೈಲುತುತ್ತು ಮತ್ತು ಸುಣ್ಣ. ಕೊಳದ ಪಾಚಿಗೂ ಅದು ತಗಲುತ್ತದೆ, ಅಮೆರಿಕದಲ್ಲಿ 1904ರಿಂದಲೇ ನೀರಿನ ಪಾಚಿಗೆ ಅದನ್ನು ಸೂಚಿಸಿದ್ದಾರೆ. ಒಟ್ಟು ಕ್ಷಾರೀಯತೆಯನ್ನು ನೂರರಿಂದ ಭಾಗಿಸಿದರೆ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಸೂತ್ರ ಮೀನು ಕೃಷಿಯಲ್ಲಿ ಬಳಕೆಯಲ್ಲಿದೆ. ಕ್ಷಾರೀಯತೆ 50ಕ್ಕಿಂತ ಕೆಳಗಿದ್ದರೆ ಅದನ್ನು ಮುಟ್ಟಬಾರದು ಎನ್ನುವುದೂ ಅಷ್ಟೇ ಬಳಕೆಯ ಮಾತು. ಅಡಿಕೆ ತೋಟಗಳಿರುವ ಕಡೆಯ ನೀರು ಬಹುಪಾಲು ಅಂಥದೇ.

ನಾನು ಹಾಕುವುದಿಲ್ಲ. ಬಸವನಹುಳು, ಸೀಗಡಿ ಮೊದಲು ಸಾಯುತ್ತವೆ. ಒಟ್ಟಿಗೆ ಸತ್ತ ಪಾಚಿ ಕೊಳೆತು ನಸುಕಿನಲ್ಲಿ ಆಮ್ಲಜನಕ ಮುಗಿಸುತ್ತದೆ. ಅದರೊಳಗಿದ್ದ ರಂಜಕ ನೀರಿಗೇ ಮರಳುವುದರಿಂದ ಮುಂದಿನ ಬೆಳೆಗೆ ಗೊಬ್ಬರ ಸಿದ್ಧ. ತಾಮ್ರವಂತೂ ಕೆಸರಿನಲ್ಲಿ ಕೂತುಬಿಡುತ್ತದೆ. ಆ ನೀರು ಕುರಿಗಳು ಕುಡಿಯುವುದಾದರೆ ಇನ್ನೂ ಕೆಟ್ಟದು, ತಾಮ್ರವನ್ನು ತಾಳಿಕೊಳ್ಳುವ ಶಕ್ತಿ ಅವಕ್ಕೆ ಬಹಳ ಕಡಿಮೆ. ಇಲಿಯ ಮೇಲಿನ ಕೋಪಕ್ಕೆ ಮನೆಗೆ ಬೆಂಕಿ ಇಟ್ಟ ಕಥೆ.

ಹಾಗಾದರೆ ನಿಮಗೆ ಯಾವುದು

ಮನೆಯೊಳಗಿನ ಗಾಜಿನ ತೊಟ್ಟಿಯವರು ದೀಪವನ್ನು ದಿನಕ್ಕೆ ಏಳೆಂಟು ಗಂಟೆಗೆ ಇಳಿಸಿ, ಆಹಾರ ಅರ್ಧ ಮಾಡಿ, ವಾರವಾರ ನೀರು ಬದಲಿಸಿ ಒಂದು ತಿಂಗಳು ನೋಡಲಿ. ಆಮೇಲೂ ಪಾಚಿ ಇದ್ದರೆ ಕಬ್ಬಿಣದ ಆಕ್ಸೈಡ್ ಕಾಳು. ಹೊಸ ತೊಟ್ಟಿಯ ಗಾಜಿಗೆ ಕಂದು ಪುಡಿಯಂತೆ ಅಂಟುವುದು ಸಿಲಿಕಾ ಬಳಸುವ ಡಯಾಟಂ ಎಂಬ ಸೂಕ್ಷ್ಮ ಪಾಚಿ, ಅದಕ್ಕೆ ಏನೂ ಕೊಳ್ಳಬೇಡಿ. ಒರೆಸುತ್ತಿರಿ, ಹೆಚ್ಚಾಗಿ ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ.

ಬಯಲುಸೀಮೆಯ ಗಡಸು ನೀರಿನ ಅಂಗಳದ ಕೊಳಕ್ಕೆ ಪಟಿಕ, ಬಾಟಲಿ ಪರೀಕ್ಷೆಯ ಮೇಲೆ, ವರ್ಷಕ್ಕೆ ಒಂದೆರಡು ಸಲ. ಕರಾವಳಿ, ಮಲೆನಾಡಿನ ಮೆದು ನೀರಿಗೆ ಮುರಕಲ್ಲಿನ ಚೀಲ ಮತ್ತು ತಾವರೆಯೋ ನೈದಿಲೆಯೋ ಹರಡಿಸಿದ ನೆರಳು. ಹನಿ ನೀರಾವರಿಗೆ ಕಟ್ಟಿದ ಪ್ಲಾಸ್ಟಿಕ್ ಹಾಸಿನ ಕೃಷಿ ಹೊಂಡದ ಪಾಚಿ ಫಿಲ್ಟರ್ ಕಟ್ಟುತ್ತಿದ್ದರೆ ಖನಿಜದ ಲೆಕ್ಕವೇ ಬೇಡ. ಅಷ್ಟು ನೀರಿಗೆ ಮತ್ತೆ ಮತ್ತೆ ಹಾಕುವ ಪುಡಿಗಿಂತ ಒಮ್ಮೆ ಕಟ್ಟುವ ನೆರಳು ಬಲೆ ಅಗ್ಗ. ಚರಂಡಿ ನೀರು ಸೇರುವ ಊರಕೆರೆಗೆ ಯಾವ ಪುಡಿಯೂ ಇಲ್ಲ, ಮೊದಲು ಚರಂಡಿ ತಿರುಗಿಸಬೇಕು.

ಕೊಳದಿಂದ ತೆಗೆದ ಗಸಿಯನ್ನು ಏನು ಮಾಡುವುದೆಂದು ಅಮ್ಮ ಕೇಳಿದ್ದರು. ಬರಿಯ ಪಾಚಿ, ಮೀನಿನ ಹಿಕ್ಕೆ ಇರುವ ಗಸಿ ಬಾಳೆಯ ಬುಡಕ್ಕೆ ಒಳ್ಳೆಯ ಊಟ. ಪಟಿಕ ಹಾಕಿ ಕೂರಿಸಿದ ಗಸಿಯನ್ನು ಮಾತ್ರ ನಮ್ಮ ಹುಳಿ ಮಣ್ಣಿನ ತೋಟಕ್ಕೆ ಹಾಕುವುದು ಬೇಡವೆಂದೆ. ಪಾಚಿಗೆ ಸಿಗದಂತೆ ಹಿಡಿದಿಟ್ಟ ರಂಜಕವನ್ನು ಅದು ಬಾಳೆಗೂ ಸುಲಭದಲ್ಲಿ ಬಿಟ್ಟುಕೊಡುವುದಿಲ್ಲ. ಅದನ್ನು ಗೇಟಿನ ಬಳಿಯ ಗುಂಡಿ ಮುಚ್ಚಲು ಸುರಿದಿದ್ದೇವೆ.